ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು

(ಒಂದು ಸಂಜೆ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಬೆಳೆದ ಮನೆಯ ಹಿಂಬಾಗಿಲು ಸುಲಭಕ್ಕೆ ಮುಚ್ಚುತ್ತಿರಲಿಲ್ಲ. ಕೀಲು ಜಗ್ಗಿತ್ತು. ಎಡಗೈಯಲ್ಲಿ ಬಾಗಿಲನ್ನು ಸ್ವಲ್ಪ ಎತ್ತಿ, ಬಲ ಮೊಣಕಾಲಲ್ಲಿ ಒತ್ತಿ, ಆಮೇಲೆ ಚಿಲಕ ಹಾಕಬೇಕು. ಮನೆಗೆ ಬಂದ ನೆಂಟರಿಗೆ ಈ ವಿದ್ಯೆ ಬರುತ್ತಲೇ ಇರಲಿಲ್ಲ. ಕಳೆದ ವರ್ಷ ಆ ಮನೆಯಲ್ಲಿ ನಾಲ್ಕು ದಿನ ಉಳಿದೆ. ಮೊದಲ ರಾತ್ರಿ ಕತ್ತಲಲ್ಲೇ ಹಿಂಬಾಗಿಲು ಹಾಕಲು ಹೋದೆ. ಎಡಗೈ ಎತ್ತಿತು, ಮೊಣಕಾಲು ಒತ್ತಿತು, ಚಿಲಕ ಟಕ್ ಅಂತ ಬಿತ್ತು. ನಾನು ಯೋಚನೆ ಮಾಡಿರಲೇ ಇಲ್ಲ. ಇಪ್ಪತ್ತೆರಡು ವರ್ಷ ಆ ಬಾಗಿಲು ಹಾಕಿರಲಿಲ್ಲ, ಗೊತ್ತಾ?

ಬೆಳಗ್ಗೆ ಎದ್ದು ಆ ಬಾಗಿಲನ್ನು ಸರಿಯಾಗಿ ನೋಡಿದೆ. ಕೆಳಗಿನ ಹಲಗೆಯಲ್ಲಿ ಬಣ್ಣ ಸವೆದ ಒಂದು ಗುಂಡನೆ ಗುರುತಿದೆ. ಅದು ನನ್ನ ಮತ್ತು ನನ್ನ ಅಕ್ಕನ ಮೊಣಕಾಲು ಸವೆಸಿದ್ದು. ಈಗ ನನ್ನ ಮೊಣಕಾಲು ತಾಗುವುದು ಅದಕ್ಕಿಂತ ಒಂದು ಗೇಣು ಮೇಲೆ. ಅಂದರೆ ಕೈಕಾಲಿಗೆ ಎಲ್ಲಾ ನೆನಪಿದೆ, ಆದರೆ ಅಳತೆ ತಪ್ಪಿದೆ. ಇವತ್ತು ನಾನು ಹೇಳುವುದೆಲ್ಲ ಹೆಚ್ಚುಕಡಿಮೆ ಈ ಒಂದು ಗೇಣಿನ ಬಗ್ಗೆಯೇ.

ಯಾಕೆ ಹೋದೆ ಅಂತ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅಮ್ಮ ಒಬ್ಬಳೇ ಇದ್ದಳು. ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿತ್ತು. ಅಕ್ಕನ ಮನೆಗೆ ಹೋಗಿ ಇರುವುದು, ಈ ಮನೆ ಮಾರುವುದು ಅಂತ ತೀರ್ಮಾನವಾಯಿತು. ಸಾಮಾನು ಖಾಲಿ ಮಾಡಲು ಮೂವರೂ ಸೇರಿದೆವು. ನಡುವೆ ನಾನು ಬಂದೇ ಇರಲಿಲ್ಲ ಅಂತಲ್ಲ. ಬೆಳಗ್ಗೆ ಬಂದು ಸಂಜೆ ಹೊರಡುತ್ತಿದ್ದೆ. ನೆಂಟನ ಹಾಗೆ ಹೊರಗಿನ ಕೋಣೆಯಲ್ಲಿ ಕೂತು, ಏನೋ ಒಂದು ನೆಪ ಹೇಳಿ ಎದ್ದುಬಿಡುತ್ತಿದ್ದೆ. ಹಿಂಬಾಗಿಲು ಹಾಕುವ ಹೊತ್ತಿಗೆ ನಾನು ಇರುತ್ತಲೇ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಒಂದು ತಮಾಷೆ ಇದೆ. ಇಟ್ಟಿಗೆ ಗಾರೆಯ ಕಟ್ಟಡಕ್ಕೂ ಮನೆ ಅಂತೀವಿ, ಒಳಗಿರುವ ಜನಕ್ಕೂ ಮನೆ ಅಂತೀವಿ. "ಮನೆ ಕಟ್ಟಿದ", "ಮನೆ ಒಡೆಯಿತು", ಎರಡರಲ್ಲೂ ಅದೇ ಪದ. ಹಾಗಾಗಿ "ಮನೆಗೆ ಹೋಗಿ ಬಂದೆ" ಅಂದಾಗ ಯಾವುದಕ್ಕೆ ಹೋಗಿದ್ದೆ ಅಂತ ನಮಗೇ ಗೊತ್ತಿರುವುದಿಲ್ಲ. ನಾನು ಇಷ್ಟು ವರ್ಷ ಹೋಗಿ ಬರುತ್ತಿದ್ದದ್ದು ಬರೀ ಕಟ್ಟಡಕ್ಕೆ.

ಮೊದಲು ಕಟ್ಟಡದ ವಿಷಯವನ್ನೇ ಮುಗಿಸೋಣ. ಚಿಕ್ಕಂದಿನ ಮನೆಗೆ ವಾಪಸ್ ಹೋದ ಎಲ್ಲರೂ ಹೇಳುವ ಮಾತು ಒಂದೇ: "ಅಯ್ಯೋ, ಇಷ್ಟು ಚಿಕ್ಕದಾ?" ನಾನೂ ಅದನ್ನೇ ಅಂದೆ. ನಾನೂ ಅಕ್ಕನೂ ಬಚ್ಚಿಟ್ಟುಕೊಳ್ಳುತ್ತಿದ್ದ ಒಂದು ಅಟ್ಟ ಇತ್ತು. ನನ್ನ ನೆನಪಲ್ಲಿ ಅದು ಇನ್ನೊಂದು ಕೋಣೆಯಷ್ಟು ದೊಡ್ಡದು. ಈಗ ನೋಡಿದರೆ ಹೆಗಲು ತೂರುವುದಿಲ್ಲ. ಇದು ಬರೀ ಭಾವುಕತೆ ಅಂದುಕೊಂಡಿದ್ದೆ. ಆದರೆ 2011ರಲ್ಲಿ ಸ್ಟಾಕ್‌ಹೋಮ್‌ನ ಕರೊಲಿನ್‌ಸ್ಕಾ ವೈದ್ಯಕೀಯ ಸಂಸ್ಥೆಯಲ್ಲಿ ಮಿದುಳು ವಿಜ್ಞಾನಿ ಹೆನ್ರಿಕ್ ಎರ್‌ಸನ್ ಮತ್ತು ಅವರ ಜೊತೆಗಾರರು ಒಂದು ಮಜವಾದ ಪ್ರಯೋಗ ಮಾಡಿದರು. ಕಣ್ಣಿಗೆ ಕಟ್ಟುವ ವಿಡಿಯೋ ಪರದೆಯ ಮೂಲಕ ಜನರಿಗೆ ತಮ್ಮ ಮೈ ಬದಲು ಒಂದು ಗೊಂಬೆಯ ಮೈ ಕಾಣುವ ಹಾಗೆ ಮಾಡಿದರು. ಗೊಂಬೆಯ ಕಾಲನ್ನೂ ಅವರ ಕಾಲನ್ನೂ ಒಟ್ಟಿಗೆ ಮುಟ್ಟಿದಾಗ, ಆ ಗೊಂಬೆಯೇ ತನ್ನ ಮೈ ಅನ್ನಿಸಿಬಿಡುತ್ತದೆ. ಗೊಂಬೆಗಳಲ್ಲಿ ಒಂದು 30 ಸೆಂಟಿಮೀಟರ್ ಇತ್ತು, ಇನ್ನೊಂದು ನಾಲ್ಕು ಮೀಟರ್. ಚಿಕ್ಕ ಗೊಂಬೆಯೊಳಗೆ "ಇದ್ದವರಿಗೆ" ಎದುರಿನ ವಸ್ತುಗಳು ದೊಡ್ಡದಾಗಿ, ದೂರದಲ್ಲಿ ಕಂಡವು. ದೊಡ್ಡ ಗೊಂಬೆಯವರಿಗೆ ಎಲ್ಲ ಪುಟ್ಟದು, ಹತ್ತಿರ. ನಮ್ಮ ಮೈಯೇ ನಮ್ಮ ಅಳತೆಗೋಲು ಅಂತ ಇದರ ಅರ್ಥ.

ಅಟ್ಟಕ್ಕೆ ಈ ಮಾತು ಒಪ್ಪುತ್ತದೆ ಅಂದಮೇಲೆ ಅಪ್ಪನಿಗೂ ಒಪ್ಪಬೇಕು ಅಲ್ವಾ? ಅವರ ಧ್ವನಿ, ಅವರ ಕೈ, ಅವರು ಕೋಣೆಗೆ ಬಂದಾಗ ಆಗುತ್ತಿದ್ದ ನಿಶ್ಶಬ್ದ, ಇದನ್ನೆಲ್ಲ ನಾನು ಅಳೆದದ್ದು ಮೂರೂವರೆ ಅಡಿ ಎತ್ತರದಿಂದ. ಹಾಗಂತ ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮೂರೂವರೆ ಅಡಿಯ ಹುಡುಗನಿಗೆ ಆ ಅಳತೆ ಸರಿಯೇ ಇತ್ತು. ಇದನ್ನು ಮುಂದೆ ಮತ್ತೆ ಹೇಳುತ್ತೇನೆ.

ಅಮೆರಿಕದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರ್ರಿ ಬರ್ಗರ್ ಚಿಕ್ಕಂದಿನ ಮನೆ ನೋಡಲು ಹೋಗುವವರನ್ನೇ ಹುಡುಕಿ ಮಾತಾಡಿಸಿದವರು. ಅಲ್ಲಿ 30 ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಹಾಗೆ ಹೋಗಿ ಬಂದಿದ್ದಾರಂತೆ. ಬಹಳ ಜನ ಹೋಗುವುದು ತಾವು ಐದರಿಂದ ಹನ್ನೆರಡು ವರ್ಷದೊಳಗೆ ಇದ್ದ ಮನೆಗೆ. ಕಾರಣಗಳು ಮುಖ್ಯವಾಗಿ ಮೂರು. ಕೆಲವರಿಗೆ ನೆನಪು ಮಸುಕಾಗುತ್ತಿದೆ, ಮತ್ತೆ ಹಿಡಿದುಕೊಳ್ಳಬೇಕು. ಕೆಲವರು ಬದುಕಿನ ಯಾವುದೋ ತಿರುವಿನಲ್ಲಿ ನಿಂತಿರುತ್ತಾರೆ, ತಾನು ಯಾರಾಗಿದ್ದೆ ಅಂತ ನೋಡಿಕೊಳ್ಳಬೇಕು. ಇನ್ನು ಕೆಲವರದು ಹಳೇ ಬಾಕಿ.

ನಾನು ಮೂರನೆಯ ಗುಂಪು. ಮನೆ ಖಾಲಿ ಮಾಡುವುದು ನೆಪ. ಒಳಗೊಳಗೆ ಲೆಕ್ಕ ಕೇಳಲು ಹೋದವನು ನಾನು. ಯಾರ ಹತ್ತಿರ ಕೇಳಬೇಕೋ ಅವರು ತೀರಿಕೊಂಡಿದ್ದರು, ಅದು ಬೇರೆ ಮಾತು.

ಹೋಗುವ ಮುಂಚೆ ಒಂದು ಸಣ್ಣ ತಯಾರಿ ಮಾಡಿಕೊಂಡಿದ್ದೆ. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಮೇನ್ ಮತ್ತು ಅವರ ಸಹೋದ್ಯೋಗಿಗಳು ದೊಡ್ಡವರ ಜೊತೆ ಅವರ ಬಾಲ್ಯದ ಬಗ್ಗೆ ಮಾತಾಡಲು ಒಂದು ಸಂದರ್ಶನ ರೂಪಿಸಿದರು. ಅದರಲ್ಲಿ ಒಂದು ಪ್ರಶ್ನೆ ಕೇಳಲು ಸಲೀಸು, ಉತ್ತರಿಸಲು ಮಾತ್ರ ಕಷ್ಟ. ನಿಮ್ಮ ತಾಯಿಯ ಜೊತೆಗಿನ ಸಂಬಂಧಕ್ಕೆ ಐದು ಪದ ಹೇಳಿ. ತಂದೆಯದಕ್ಕೆ ಐದು ಪದ. ಆಮೇಲೆ, ಒಂದೊಂದು ಪದಕ್ಕೂ ಒಂದೊಂದು ಘಟನೆ ಹೇಳಿ.

ಇಲ್ಲೇ ಎಷ್ಟೋ ಜನ ಮುಗ್ಗರಿಸುತ್ತಾರೆ. "ಅಮ್ಮ ಅಂದರೆ ದೇವತೆ" ಅಂದವರಿಗೆ ಒಂದು ಘಟನೆಯೂ ಸಿಗುವುದಿಲ್ಲ. ಇನ್ನು ಕೆಲವರು ಹಳೇ ಜಗಳ ಶುರು ಮಾಡಿ, ಪ್ರಶ್ನೆ ಏನು ಅಂತಲೇ ಮರೆಯುತ್ತಾರೆ. ಈ ಸಂದರ್ಶನದಲ್ಲಿ ಬಾಲ್ಯ ಒಳ್ಳೆಯದಿತ್ತಾ ಕೆಟ್ಟದಿತ್ತಾ ಅನ್ನುವುದು ಅಷ್ಟು ಮುಖ್ಯವಲ್ಲ. ಅದನ್ನು ಹೇಳುವಾಗ ಮಾತಿಗೂ ಘಟನೆಗೂ ತಾಳೆ ಇದೆಯಾ ಅಂತ ನೋಡುತ್ತಾರೆ. ಕಷ್ಟದ ಬಾಲ್ಯವನ್ನೂ ತಾಳೆಯಿರುವಂತೆ ಹೇಳಬಲ್ಲವರಿದ್ದಾರೆ. ಹಾಗೆ ಹೇಳಬಲ್ಲವರ ಮಕ್ಕಳು ಅವರ ಹತ್ತಿರ ನಿಶ್ಚಿಂತೆಯಿಂದ ಇರುವುದು ಜಾಸ್ತಿ. ಈ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತ್ತು, ಯಾಕಂದರೆ ನನಗೂ ಮಗಳಿದ್ದಾಳೆ.

ಅಪ್ಪನಿಗೆ ನಾನು ಬರೆದ ಐದು ಪದ: ಶಿಸ್ತು, ದುಡಿಮೆ, ಮೌನ, ಸಿಟ್ಟು, ಅನ್ಯಾಯ. ಮೊದಲ ನಾಲ್ಕಕ್ಕೆ ಘಟನೆಗಳು ಸಾಲುಗಟ್ಟಿ ಬಂದವು. ಅನ್ಯಾಯ ಅನ್ನುವುದಕ್ಕೆ ಒಂದೇ ಒಂದು ಬಂತು. ಎರಡನೆಯದು ಎಷ್ಟು ಹೊತ್ತಾದರೂ ಬರಲಿಲ್ಲ. ಆ ಒಂದು ಯಾವುದು ಅಂದರೆ ರೇಡಿಯೋ.

ನನಗೆ ಎಂಟು ವರ್ಷ, ಅಕ್ಕನಿಗೆ ಹತ್ತು. ಗೂಡಿನಲ್ಲಿದ್ದ ರೇಡಿಯೋ ಕೆಳಗೆ ಬಿತ್ತು. ಬೀಳಿಸಿದ್ದು ಅಕ್ಕ. ಅಪ್ಪ ಬಂದವರೇ ಯಾರು ಅಂತ ಕೇಳಲಿಲ್ಲ, ನನ್ನ ಕೆನ್ನೆಗೆ ಹೊಡೆದರು. ಕಿವಿಯಲ್ಲಿ ಗುಂಯ್ ಅನ್ನುವ ಶಬ್ದ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ಸುಮ್ನೆ ನಿಂತಿದ್ದಳು. ಈ ಚಿತ್ರ ನನ್ನ ಹತ್ತಿರ ಮೂವತ್ತೊಂಬತ್ತು ವರ್ಷದಿಂದ ಇದೆ. ಹೊಡೆದದ್ದಕ್ಕಿಂತ ಜಾಸ್ತಿ ನೋಯಿಸಿದ್ದು ಯಾರು ಅಂತ ಕೇಳದೇ ಇದ್ದದ್ದು. ಅಪ್ಪನ ಮೇಲಿನ ನನ್ನ ಅರ್ಧ ಕೋಪ ನಿಂತಿರುವುದು ಈ ಒಂದು ಕಂಬದ ಮೇಲೆ.

ಎರಡನೇ ದಿನ ರಾತ್ರಿ ಅಟ್ಟ ಖಾಲಿ ಮಾಡುವಾಗ ಆ ರೇಡಿಯೋದ ಹಿಂಬದಿಯ ಮುಚ್ಚಳ ಸಿಕ್ಕಿತು. ಬರೀ ಮುಚ್ಚಳ. ಅಕ್ಕ ಅದನ್ನು ಕೈಯಲ್ಲಿ ತಿರುಗಿಸುತ್ತಾ ನಕ್ಕಳು. "ನೀನು ಬೀಳಿಸಿದ್ದಕ್ಕೆ ಅಪ್ಪ ನನಗೆ ಹೊಡೆದರಲ್ಲ, ನೆನಪಿದೆಯಾ? ಕಿವಿ ಎರಡು ದಿನ ಗುಂಯ್ ಅಂತಿತ್ತು."

ನಾನು ತಮಾಷೆ ಅಂದುಕೊಂಡೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳ ಚಿತ್ರದಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತವನು ನಾನು. ಅರ್ಧ ಗಂಟೆ ವಾದ ಮಾಡಿದೆವು. ಇಬ್ಬರಿಗೂ ಕಿವಿಯ ಶಬ್ದ ನೆನಪಿದೆ. ಇಬ್ಬರಿಗೂ ಇನ್ನೊಬ್ಬರು ಸುಮ್ನೆ ನಿಂತದ್ದು ನೆನಪಿದೆ. ಕೊನೆಗೆ ಅಮ್ಮನನ್ನೇ ಕೇಳೋಣ ಅಂತ ಹೋದೆವು. ಅಮ್ಮ ಮಾತ್ರೆ ಡಬ್ಬಿ ಜೋಡಿಸುತ್ತಾ ಕೂತಿದ್ದಳು. ಎಲ್ಲಾ ಕೇಳಿ, "ಯಾವ ರೇಡಿಯೋ?" ಅಂದಳು.

(ಇಲ್ಲಿ ಸಭೆಯಲ್ಲಿ ನಗು ಬಂತು. ಆ ರಾತ್ರಿ ನಮಗೂ ಬಂದಿತ್ತು.)

ಇದು ನಮ್ಮ ಮನೆಯ ಹುಚ್ಚು ಮಾತ್ರ ಅಲ್ಲ. ನ್ಯೂಜಿಲೆಂಡ್‌ನ ಸಂಶೋಧಕರು ಅಮೆರಿಕದ ಡೇವಿಡ್ ರೂಬಿನ್ ಜೊತೆ ಸೇರಿ 2001ರಲ್ಲಿ ಅವಳಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡವರಾದ 20 ಜೋಡಿ ಅವಳಿಗಳನ್ನು ಹಳೇ ನೆನಪು ಕೇಳಿದರು. 14 ಜೋಡಿಗಳಲ್ಲಿ ಕನಿಷ್ಠ ಒಂದು ಘಟನೆಯಾದರೂ "ಅದು ನನಗಾದದ್ದು", "ಇಲ್ಲ, ನನಗೆ" ಅನ್ನುವ ಜಗಳಕ್ಕೆ ಬಂತು. ಅವಳಿಗಳಲ್ಲದ ಅಣ್ಣತಮ್ಮ ಅಕ್ಕತಂಗಿಯರಲ್ಲೂ ಇದು ಆಗುತ್ತದೆ. ಪಕ್ಕದಲ್ಲಿ ನಿಂತು ಕಂಡದ್ದು, ಹತ್ತು ಸಲ ಕೇಳಿದ್ದು, ಹೆದರಿ ಊಹಿಸಿಕೊಂಡದ್ದು, ಎಲ್ಲ ಸೇರಿ ಒಂದು ದಿನ ನಮ್ಮದೇ ಕೆನ್ನೆಯ ಮೇಲೆ ಬಂದು ಕೂರುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತೊಂಬತ್ತು ವರ್ಷದ ಕಂಬ ಅಲುಗಾಡಿತ್ತು. ನನ್ನ ಇಡೀ ಕೋಪವೇ ಸುಳ್ಳಾ?

ಬೆಳಗ್ಗೆ ಹೊತ್ತಿಗೆ ಒಂದು ವಿಷಯ ಹೊಳೆಯಿತು, ಇವತ್ತೂ ಅದನ್ನೇ ನಂಬಿದ್ದೇನೆ. ಆ ಏಟು ಯಾರಿಗೆ ಬಿತ್ತು ಅನ್ನುವುದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಆದರೆ ಒಬ್ಬರಿಗೆ ಬಿದ್ದ ಏಟು ಇಬ್ಬರ ಕಿವಿಯಲ್ಲೂ ಗುಂಯ್ ಅಂತು ಅನ್ನುವುದು ಗೊತ್ತಾಯಿತಲ್ಲ. ಆ ಮನೆಯಲ್ಲಿ ಇಬ್ಬರು ಮಕ್ಕಳೂ ಎಷ್ಟು ಹೆದರಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಯಾವ ದಿನ ಎಷ್ಟು ಮಳೆ ಬಂತು ಅನ್ನುವುದು ಮರೆತುಹೋಗಬಹುದು. ಮಳೆಗಾಲ ಇತ್ತು ಅನ್ನುವುದು ಮರೆಯುವುದಿಲ್ಲ. ಚಿಕ್ಕಂದಿನ ನೋವಿನ ಬಗ್ಗೆ ಮನೆಯವರ ಹತ್ತಿರ ಮಾತಾಡುವಾಗ ಬಹಳ ಜನ ಸೋಲುವುದು ಇಲ್ಲೇ. "ಅದು ಆ ವರ್ಷ ಅಲ್ಲ", "ನಿನಗೆ ಹೊಡೆದದ್ದಲ್ಲ, ಸುಮ್ನೆ ಗದರಿದ್ದು", ಹೀಗೆ ವಿವರದಲ್ಲಿ ಒಂದು ತಪ್ಪು ಸಿಕ್ಕರೆ ಇಡೀ ಮಾತನ್ನೇ ತಳ್ಳಿಹಾಕುತ್ತಾರೆ. ನಾವೂ ಆ ವಿವರವನ್ನೇ ಹಿಡಿದು ಜಗ್ಗುತ್ತೇವೆ. ಬಿಟ್ಟುಬಿಡಿ. ವಿವರ ತಪ್ಪಿರಬಹುದು ಅಂತ ಒಪ್ಪಿಕೊಳ್ಳಿ. ಹೆದರಿಕೆ ಇತ್ತು ಅನ್ನುವುದನ್ನು ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ನಾವು ಒಂದೇ ಮನೆಯಲ್ಲಿ ಬೆಳೆದೆವು ಅಂತ ಅಣ್ಣತಮ್ಮಂದಿರು ಅಕ್ಕತಂಗಿಯರು ಸುಲಭವಾಗಿ ಹೇಳಿಬಿಡುತ್ತೇವೆ. 1987ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಪ್ಲೊಮಿನ್ ಮತ್ತು ಡೆನಿಸ್ ಡೇನಿಯಲ್ಸ್ ಎತ್ತಿದ ಪ್ರಶ್ನೆ ಇದೇ: ಒಂದೇ ಮನೆಯ ಮಕ್ಕಳು ಇಷ್ಟು ಬೇರೆಬೇರೆ ಯಾಕೆ? ಅವರು ಹೇಳಿದ್ದು, ಮಕ್ಕಳ ಸ್ವಭಾವವನ್ನು ತಿದ್ದುವ ವಾತಾವರಣದಲ್ಲಿ ಒಟ್ಟಿಗೆ ಹಂಚಿಕೊಂಡದ್ದಕ್ಕಿಂತ, ಒಬ್ಬೊಬ್ಬರಿಗೆ ಬೇರೆಯಾಗಿ ಸಿಕ್ಕದ್ದರ ಪಾಲೇ ಜಾಸ್ತಿ ಅಂತ. ಅಕ್ಕ ಹುಟ್ಟಿದಾಗ ಅಪ್ಪ ಅಮ್ಮ ಹೊಸಬರು. ನಾನು ಬರುವ ಹೊತ್ತಿಗೆ ಸಾಲ ಇತ್ತು, ಸುಸ್ತು ಇತ್ತು, ಜೊತೆಗೆ ಅಕ್ಕನೂ ಇದ್ದಳು. ವಿಳಾಸ ಒಂದೇ, ಮನೆ ಬೇರೆ.

ಮೂರನೇ ದಿನ ನನಗೆ ಸರಿಯಾಗಿ ಬಿತ್ತು.

ಅಕ್ಕ ಹಳೇ ಪುಸ್ತಕಗಳ ಕಟ್ಟು ಬಿಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಆ ಪತ್ರ ಅಪ್ಪನಿಗೆ ಯಾಕೆ ಕೊಟ್ಟೆ?"

"ಯಾವ ಪತ್ರ?"

ಕೇಳುತ್ತಿದ್ದ ಹಾಗೆ ನನಗೇ ಗೊತ್ತಾಯಿತು, ಅಮ್ಮ ರೇಡಿಯೋ ಬಗ್ಗೆ ಕೇಳಿದ ಧಾಟಿಯೇ ಇದು ಅಂತ.

ಅಕ್ಕನಿಗೆ ಹದಿನೈದು, ನನಗೆ ಹದಿಮೂರು. ಅವಳ ಪುಸ್ತಕದೊಳಗೆ ಯಾರೋ ಹುಡುಗ ಬರೆದ ಪತ್ರ ಇತ್ತಂತೆ. ನಾನು ತೆಗೆದುಕೊಂಡು ಹೋಗಿ ಅಪ್ಪನಿಗೆ ಕೊಟ್ಟೆನಂತೆ. ಆಮೇಲೆ ಎಷ್ಟೋ ತಿಂಗಳು ಅವಳನ್ನು ಒಬ್ಬಳೇ ಹೊರಗೆ ಬಿಡಲಿಲ್ಲ. ಓದುತ್ತಿದ್ದ ಕಡೆಯಿಂದ ಬಿಡಿಸಿದರು. ಅವಳ ಬದುಕಿನ ದಾರಿಯೇ ಬೇರೆಯಾಯಿತು. ಇದೆಲ್ಲ ಅವಳು ಕೋಪವಿಲ್ಲದೆ ಹೇಳಿದಳು, ಪುಸ್ತಕದ ಧೂಳು ಒರೆಸುತ್ತಾ. ಬಿಡಿಸಿದ್ದು ನನಗೆ ನೆನಪಿದೆ. ಪತ್ರ ನೆನಪಿಲ್ಲ. ಒಂದು ಚೂರೂ ಇಲ್ಲ. ನನ್ನ ಏಟು ಕಿವಿಯ ಶಬ್ದದ ಸಮೇತ ಇದೆ. ನಾನು ಕೊಟ್ಟ ಏಟು ಪೂರ್ತಿ ಖಾಲಿ.

ರೇಡಿಯೋ ಹಾಗೆ ಇದೂ ಅದಲುಬದಲಾಗಿರಬಹುದು ಅಂತ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿಕೊಂಡೆ. ಒಂದು ದಿನದ ಹಿಂದೆ ಕಲಿತದ್ದನ್ನು ನನಗೆ ಬೇಕಾದಾಗ ಮಾತ್ರ ಬಳಸುವುದು ಯಾವ ನ್ಯಾಯ? "ನನಗೆ ನೆನಪಿಲ್ಲ ಅಕ್ಕ. ಆದರೆ ನಾನು ಮಾಡಿಲ್ಲ ಅಂತ ಹೇಳುವುದಿಲ್ಲ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಷ್ಟೇ ಸಾಕು. ಆ ಕಟ್ಟು ಈ ಕಡೆ ಕೊಡು" ಅಂದಳು.

ಸಾಲ ವಸೂಲಿಗೆ ಹೋದವನು ಸಾಲಗಾರನಾಗಿ ಕೂತಿದ್ದೆ.

ಇಲ್ಲಿ ನಾನು ಮರ್ರೆ ಬೋವೆನ್ ಹೆಸರು ಹೇಳಲೇಬೇಕು. ಅಮೆರಿಕದ ಮನೋವೈದ್ಯ, 1913ರಲ್ಲಿ ಟೆನೆಸ್ಸಿಯ ಚಿಕ್ಕ ಊರಲ್ಲಿ ಹುಟ್ಟಿದವರು. ಐವರು ಮಕ್ಕಳಲ್ಲಿ ಹಿರಿಯರು. ಒಬ್ಬ ರೋಗಿಯನ್ನು ಒಂಟಿಯಾಗಿ ನೋಡಬೇಡಿ, ಇಡೀ ಕುಟುಂಬವನ್ನು ಒಂದೇ ಘಟಕವಾಗಿ ನೋಡಿ ಅಂತ ಹೇಳಿದ ಮೊದಲಿಗರಲ್ಲಿ ಒಬ್ಬರು. 1967ರಲ್ಲಿ ಕುಟುಂಬ ಚಿಕಿತ್ಸಕರ ಒಂದು ಸಭೆಯಲ್ಲಿ ಅವರು ಎಲ್ಲರೂ ನಿರೀಕ್ಷಿಸಿದ್ದ ಪ್ರಬಂಧ ಪಕ್ಕಕ್ಕಿಟ್ಟು, ತಾನು ತನ್ನದೇ ಮನೆಗೆ ವಾಪಸ್ ಹೋದ ಕಥೆ ಹೇಳಿದರು. ಮನೆಯಲ್ಲಿ ಯಾರ ಬಗ್ಗೆ ಯಾರು ಹಿಂದಿನಿಂದ ಏನು ಹೇಳಿದ್ದರೋ, ಅದನ್ನು ಆಯಾ ಜನಕ್ಕೇ ಪತ್ರ ಬರೆದು ತಿಳಿಸಿ, ಇಂಥ ದಿನ ಬರುತ್ತೇನೆ ಅಂತಲೂ ಬರೆದು, ಆಮೇಲೆ ಹೋದರಂತೆ! ಎಲ್ಲರೂ ಮೇಲೆ ಬಿದ್ದಾಗ ಯಾರ ಪಕ್ಷವನ್ನೂ ವಹಿಸದೆ, ಸಿಟ್ಟಾಗದೆ ಕೂತರಂತೆ. ದಯವಿಟ್ಟು ನೀವು ಇದನ್ನು ಪ್ರಯತ್ನಿಸಬೇಡಿ. 1972ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರನ್ನೇ ಹಾಕಿರಲಿಲ್ಲ. ಮನೆಯವರಿಗೆ ಹೆದರದ ಮನೋವೈದ್ಯ ಇದ್ದಾನೆಯೇ ಅಂತ ನನಗೆ ಇದರಿಂದ ಒಂಥರಾ ಸಮಾಧಾನ.

ಬೋವೆನ್ ಹೇಳಿದ್ದರಲ್ಲಿ ಎರಡು ಸಂಗತಿ ನನ್ನ ಕಣ್ಣು ತೆರೆಸಿದವು. ಒಂದು, ತ್ರಿಕೋನ. ಇಬ್ಬರ ನಡುವೆ ಬಿಗಿ ಜಾಸ್ತಿಯಾದಾಗ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಪತ್ರದ ಕಥೆಯನ್ನು ಹಾಗೆ ನೋಡಿದೆ. ಅಪ್ಪನಿಗೂ ಅಕ್ಕನಿಗೂ ಮಾತು ನಿಂತಿತ್ತು. ಅಪ್ಪ ನನ್ನನ್ನು ಕರೆದು "ಅಕ್ಕ ಏನು ಮಾಡ್ತಿದ್ದಾಳೆ?" ಅಂತ ಕೇಳುತ್ತಿದ್ದರು. ಇದು ನನಗೆ ಚೆನ್ನಾಗಿ ನೆನಪಿದೆ, ಯಾಕಂದರೆ ಅವರು ನನ್ನನ್ನು ಮೆತ್ತಗೆ ಮಾತಾಡಿಸುತ್ತಿದ್ದದ್ದು ಆಗ ಮಾತ್ರ. ಆ ಮೆತ್ತನೆ ಧ್ವನಿಗೆ ನಾನು ಏನು ಬೇಕಾದರೂ ತಂದುಕೊಡುತ್ತಿದ್ದೆ ಅನ್ನಿಸುತ್ತದೆ. ಇದು ನನ್ನ ತಪ್ಪಿಗೆ ವಿನಾಯಿತಿ ಅಲ್ಲ. ಆದರೆ ಆ ತಪ್ಪು ಆ ಮನೆಯೊಳಗೆ ಎಲ್ಲಿ ಕೂರುತ್ತದೆ ಅಂತ ತಿಳಿಯಿತು.

ಎರಡು, ದೂರ. ಮನೆಯವರಿಂದ ಓಡಿಹೋಗಿ ದೂರ ಇರುವವನೂ, ಮನೆ ಬಿಟ್ಟು ಹೊರಡಲೇ ಆಗದವನೂ, ಇಬ್ಬರೂ ಆ ಮನೆಗೆ ಅಷ್ಟೇ ಬಿಗಿಯಾಗಿ ಕಟ್ಟಿಹಾಕಿಸಿಕೊಂಡವರು ಅಂತ ಬೋವೆನ್ ಹೇಳುತ್ತಿದ್ದರು. ಇದನ್ನು ಓದಿದಾಗ ಸಿಟ್ಟು ಬಂದಿತ್ತು. ಬೆಳಗ್ಗೆ ಬಂದು ಸಂಜೆ ಹೊರಡುವ ನನ್ನ ಸ್ವಾತಂತ್ರ್ಯವನ್ನು ನಾನು ಬಹಳ ಮೆಚ್ಚಿಕೊಂಡಿದ್ದೆ.

ಅವರ ಸಲಹೆಗಳಲ್ಲಿ ನಿಜಕ್ಕೂ ಕೈಗೆ ಬರುವಂಥದ್ದು ಒಂದಿದೆ: ಒಬ್ಬೊಬ್ಬರ ಜೊತೆ ಒಂಟಿಯಾಗಿ ಮಾತಾಡಿ, ಅಲ್ಲಿ ಇಲ್ಲದ ಮೂರನೆಯವರ ಬಗ್ಗೆ ಅಲ್ಲ. ಕೇಳಲು ಸುಲಭ. ಮುಂದಿನ ಸಲ ಅಮ್ಮನ ಜೊತೆ ಕೂತಾಗ, ಬೇರೆ ಯಾರ ಸುದ್ದಿಯೂ ಬರದ ಹಾಗೆ ಐದು ನಿಮಿಷ ಮಾತಾಡಿ ನೋಡಿ.

ನಾನು ಅಮ್ಮನ ಹತ್ತಿರ ಪ್ರಯತ್ನಿಸಿದೆ. ಮೊದಲ ಪ್ರಶ್ನೆಯಲ್ಲೇ ಎಡವಿದೆ. "ಅಪ್ಪ ಯಾಕೆ ಹಾಗಿದ್ದರು?" ಅಂದೆ. "ಹಾಗೆ ಅಂದ್ರೆ?" ಅಂದಳು. ಮುಗಿಯಿತು. "ಯಾಕೆ" ಅನ್ನುವ ಪ್ರಶ್ನೆಗೆ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ, ಅದು ಆರೋಪದ ಹಾಗೆ ಕೇಳಿಸುತ್ತದೆ. ನಾಲ್ಕನೇ ದಿನ ಬೇರೆ ಥರ ಕೇಳಿದೆ. "ನೀನು ಈ ಮನೆಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ್ದೆ?"

ಒಂದೂವರೆ ಗಂಟೆ ಮಾತಾಡಿದಳು. ದೀಪ ಇನ್ನೂ ಬಂದಿರಲಿಲ್ಲ, ನೆಲದ ಗಾರೆ ಒಣಗಿರಲಿಲ್ಲ, ಅಕ್ಕನನ್ನು ಎದೆ ಮೇಲೆ ಮಲಗಿಸಿಕೊಂಡು ಕೂತೇ ಇದ್ದಳು. ಆಮೇಲೆ, ಮಾತಿನ ನಡುವೆ, ಏನೂ ಅಲ್ಲ ಅನ್ನುವ ಹಾಗೆ ಹೇಳಿದಳು: "ನನಗೆ ಈ ಮನೆ ಯಾವತ್ತೂ ಇಷ್ಟ ಇರಲಿಲ್ಲ."

ನಾನೂ ಅಕ್ಕನೂ ಮನೆ ಮಾರುವ ವಿಷಯವನ್ನು ಅವಳ ಮುಂದೆ ತಿಂಗಳುಗಟ್ಟಲೆ ಪಿಸುಮಾತಲ್ಲಿ ಆಡಿದ್ದೆವು. ಅವಳ ಎದೆ ಒಡೆಯುತ್ತದೆ ಅಂತ. "ಮತ್ತೆ ಯಾಕೆ ಹೇಳಲಿಲ್ಲ?" ಅಂದೆ. "ನನ್ನನ್ನು ಯಾರು ಕೇಳಿದ್ರು?" ಅಂದಳು. ಅಪ್ಪ ಕೇಳಲಿಲ್ಲ. ಸರಿ, ಅದು ಅಪ್ಪನ ಲೆಕ್ಕ. ಅಪ್ಪ ಯಾರನ್ನೂ ಕೇಳುವುದಿಲ್ಲ ಅಂತ ಇಷ್ಟು ವರ್ಷ ದೂರಿದ ನಾನೂ ಕೇಳಿರಲಿಲ್ಲ.

ನೀವು ಗಮನಿಸಿರಬಹುದು, ನಾನು ಅಪ್ಪ "ಹೇಳಿದರು" ಅಂತೀನಿ, ಅಮ್ಮ "ಹೇಳಿದಳು" ಅಂತೀನಿ. ಒಬ್ಬರಿಗೆ ಬಹುವಚನ, ಒಬ್ಬಳಿಗೆ ಏಕವಚನ. ಏಕವಚನದಲ್ಲಿ ಸಲಿಗೆ ಇದೆ ಅಂತ ನಾವು ಹೇಳಿಕೊಳ್ಳುತ್ತೇವೆ. ಸಲಿಗೆ ಇದ್ದವಳನ್ನು ಯಾವುದನ್ನೂ ಕೇಳುವ ಅಗತ್ಯ ಇಲ್ಲ ಅಂತಲೂ ಅಂದುಕೊಂಡುಬಿಡುತ್ತೇವಾ ಅಂತ ಈಗೀಗ ಅನುಮಾನ.

ಇಷ್ಟು ಹೇಳಿ ನಿಲ್ಲಿಸಬೇಕು ಅಂದುಕೊಂಡಿದ್ದೆ. ಪ್ರಶ್ನೆ ಬಂದವು.

ಒಬ್ಬರು ಕೇಳಿದರು: ಎಲ್ಲರೂ ಹೀಗೆ ವಾಪಸ್ ಹೋಗಲೇಬೇಕಾ?

ಇಲ್ಲ. ಖಂಡಿತ ಇಲ್ಲ. ಕೆಲವು ಮನೆಗಳಿಗೆ ಹೋಗಬಾರದು. ಅಲ್ಲಿ ಇವತ್ತೂ ಕೈ ಎತ್ತುವವರು ಇದ್ದರೆ, ಆದದ್ದನ್ನು ಆಗೇ ಇಲ್ಲ ಅಂತ ಮುಖಕ್ಕೆ ಹೇಳುವವರು ಇದ್ದರೆ, ದೂರ ಇರುವುದೇ ಸರಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಮಾಡಿಸಿದ ಸಮೀಕ್ಷೆಯ ಫಲಿತಾಂಶ 2020ರಲ್ಲಿ ಹೊರಬಂತು. ಅಲ್ಲಿ ವಯಸ್ಕರಲ್ಲಿ ನೂರಕ್ಕೆ 27 ಜನ ಮನೆಯವರಲ್ಲಿ ಒಬ್ಬರ ಜೊತೆಗಾದರೂ ಸಂಪರ್ಕವನ್ನೇ ಕಡಿದುಕೊಂಡಿದ್ದರು. ಅಷ್ಟೂ ಜನ ಮೊಂಡರು ಅಂತ ನಾನು ನಂಬುವುದಿಲ್ಲ. ನಾನು ಹೋಗಲು ಆದದ್ದು ಅಲ್ಲಿ ಹೆದರಿಕೆ ಮುಗಿದಿತ್ತು ಅನ್ನುವ ಕಾರಣಕ್ಕೆ. ಒಂದು ವೇಳೆ ಅಪ್ಪ ಇದ್ದಿದ್ದರೆ ಈ ನಾಲ್ಕು ದಿನ ಹೀಗೆ ಇರುತ್ತಿದ್ದವಾ? ನಿಜ ಹೇಳುತ್ತೇನೆ, ನಾನು ಎರಡನೇ ದಿನವೇ ಬಸ್ಸು ಹತ್ತುತ್ತಿದ್ದೆ.

ಇನ್ನೊಬ್ಬರು, ಸ್ವಲ್ಪ ವಯಸ್ಸಾದವರು, ಎದ್ದು ನಿಂತು ಕೇಳಿದರು: ಅಂದರೆ ಅಪ್ಪನನ್ನು ಕ್ಷಮಿಸಿದಿರಾ?

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಯಾವಾಗಲೂ ಒಂದು ಆಸೆ ಇರುತ್ತದೆ, ಹೌದು ಅನ್ನಲಿ ಅಂತ. ನನಗೆ ಉತ್ತರ ಗೊತ್ತಿಲ್ಲ. ಐದು ಪದಗಳ ಪಟ್ಟಿ ಮತ್ತೆ ಬರೆದೆ. ಅನ್ಯಾಯ ಅನ್ನುವುದನ್ನು ಹೊಡೆದುಹಾಕಿ ಹೆದರಿಕೆ ಅಂತ ಬರೆದೆ. ಅದಕ್ಕೆ ಘಟನೆಗಳು ಬೇಕಾದಷ್ಟು ಸಿಕ್ಕವು. ಕೆಲವು ನನ್ನವು, ಕೆಲವು ಅಕ್ಕನವು, ಒಂದೆರಡು ಅಪ್ಪನದೇ ಹೆದರಿಕೆ. ಇಷ್ಟಾಗಿದೆ. ಕ್ಷಮೆ ಅನ್ನುವಷ್ಟು ದೊಡ್ಡ ಪದ ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಕೊನೆಗೆ ಒಬ್ಬ ಹುಡುಗಿ ಕೇಳಿದ್ದು: ಮನೆ ಏನಾಯಿತು ಸಾರ್?

ಮಾರಾಟವಾಯಿತು. ಕೊಂಡವರು ಚಿಕ್ಕ ವಯಸ್ಸಿನ ದಂಪತಿ. ಕೀಲಿಕೈ ಕೊಡುವ ದಿನ ಅಕ್ಕ ಅವರಿಗೆ ಇಡೀ ಮನೆ ತೋರಿಸಿದಳು, ಯಾವ ಸ್ವಿಚ್ಚು ಯಾವ ದೀಪಕ್ಕೆ ಅಂತೆಲ್ಲ. ಹಿಂಬಾಗಿಲ ಹತ್ತಿರ ಬಂದಾಗ ಆ ಹುಡುಗ ಬಾಗಿಲು ಎಳೆದ. ಮುಚ್ಚಲಿಲ್ಲ. ಮತ್ತೆ ಎಳೆದ. "ಹಾಗಲ್ಲ, ಸ್ವಲ್ಪ ಎತ್ತಿ ತಳ್ಳಬೇಕು" ಅಂತ ಅಕ್ಕ ಮುಂದೆ ಹೋಗಿ, ಎಡಗೈಯಲ್ಲಿ ಎತ್ತಿ, ಮೊಣಕಾಲು ಒತ್ತಿ ತೋರಿಸಿದಳು. ಚಿಲಕ ಟಕ್ ಅಂತ ಬಿತ್ತು. ನಮಗಿಬ್ಬರಿಗೂ ಸ್ವಲ್ಪ ಹೆಮ್ಮೆಯೇ ಆಯಿತು.

ಆ ಹುಡುಗ ಬಗ್ಗಿ ಕೀಲು ನೋಡಿದ. ಬೆರಳಲ್ಲಿ ಅಲ್ಲಾಡಿಸಿದ. "ಇದೊಂದು ಕೀಲು ಬದಲಾಯಿಸಿದರೆ ಆಯ್ತಲ್ಲ ಮೇಡಂ, ಅರ್ಧ ಗಂಟೆ ಕೆಲಸ" ಅಂದ.

ಅಕ್ಕ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಆಗಲೇ ಚಪ್ಪಲಿ ಹಾಕಿಕೊಂಡು ಮುಂಬಾಗಿಲ ಹತ್ತಿರ ನಿಂತಿದ್ದಳು.